ಕಣ್ಣಿಗೊತ್ತಿಕೊಂಡ ಹೂವು

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಷಿಕಾಗೋದ ಒಂದು ಮ್ಯೂಸಿಯಂನಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುವ ಕೆಲಸ ಮಾಡುತ್ತಿದ್ದೆ. ಮೈಸೂರಿನಲ್ಲಿ ಬಾಟನಿ ಎಂ.ಎಸ್ಸಿ. ಓದಿದವಳಿಗೆ ಅಂಟು ಬಳಿಯುವ ಕೆಲಸವೇ ಎಂದು ನಗಬೇಡಿ. ಊರಾಚೆ ಡೆಸ್ ಪ್ಲೇನ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ವರ್ಷ ಗೋಡೆ ನೋಡುತ್ತಾ ಕೂತ ಮೇಲೆ ಸಿಕ್ಕಿದ್ದು ಅದು. ಕಳೆದುಕೊಂಡರೆ ಮತ್ತೆ ಅದೇ ಗೋಡೆ.

ಒಂದು ಶುಕ್ರವಾರ ನನ್ನ ಮೇಜಿಗೆ ಬಂದದ್ದು ಅಮೆಜಾನ್ ಸೀಮೆಯ ಒಂದು ಮರದ ರೆಂಬೆ. ಸಕ್ಕರೆಯಂಥ ಬಿಳಿ ಮರಳಿನ ಮೇಲೆ, ಕುರುಚಲು ಕಾಡಿನಲ್ಲಿ, ಆಳೆತ್ತರಕ್ಕಿಂತ ಮೇಲೇಳದ ಮರವಂತೆ. ದಪ್ಪ ದಪ್ಪ ಎಲೆಗಳು, ಒಂದೇ ಒಂದು ಹೂವು. ಹೊಸ ಜಾತಿಯೋ ಏನೋ, ಸೋಮವಾರ ಆ ಹೂವು ನೋಡಿಯೇ ಹೇಳಬೇಕು ಎಂದು ನಮ್ಮ ಮುಖ್ಯಸ್ಥರು ಹೇಳಿಹೋಗಿದ್ದರು. ಮಾತು ಕಡಿಮೆಯ ಮುದುಕರು, ನನಗೆ ಅವರನ್ನು ಕಂಡರೇ ಭಯ. ಅಂಟಿಸುವಾಗ ಹೂವು ಉದುರಿತು. ಉದುರಿದ್ದನ್ನು ಕಾಗದದಲ್ಲಿ ಮಡಿಸಿ ಹಾಳೆಯ ಮೂಲೆಗೆ ಅಂಟಿಸುವುದು ಅಲ್ಲಿಯ ಪದ್ಧತಿ. ನಾನು ಮಡಿಸಿದ್ದು ಮಾತ್ರ ಅಮ್ಮ ಕುಂಕುಮ ಕಟ್ಟುವ ಹಾಗೆ. ಕೈಗೆ ಅಭ್ಯಾಸವಿದ್ದದ್ದು ಅದೇ. ಪಕ್ಕದಲ್ಲೇ, ಊಟದ ಹೊತ್ತಿಗೆ ಓದೋಣವೆಂದು ತಂದಿದ್ದ ಅಮ್ಮನ ಪತ್ರ, ಅದರ ಜೊತೆ ಬಂದ ಕುಂಕುಮದ ಪೊಟ್ಟಣ.

ಸಂಜೆ ಮನೆಯಲ್ಲಿ ದೀಪ ಹಚ್ಚಿ, ಪರ್ಸಿನಿಂದ ಪೊಟ್ಟಣ ತೆಗೆದು ಕಣ್ಣಿಗೆ ಒತ್ತಿಕೊಂಡೆ. ಚರಕ್ ಎಂದಿತು. ಬಿಚ್ಚಿದರೆ ಕುಂಕುಮವಿಲ್ಲ, ಕಂದು ಚೂರುಗಳು, ಎರಡು ಮೂರು ಕಾಳು ಬಿಳಿ ಮರಳು. ಅಮ್ಮನ ಕುಂಕುಮವನ್ನು ಹಾಳೆಗೆ ಅಂಟಿಸಿ ಬಂದಿದ್ದೆ.

"ಯಾರಿಗ್ ಗೊತ್ತಾಗತ್ತೆ? ಸೋಮವಾರ ಬೇಗ ಹೋಗಿ ಚೇಂಜ್ ಮಾಡ್ಬಿಡು. ಇಲ್ಲಾಂದ್ರೆ ತಾನಾಗೇ ಪುಡಿಯಾಯ್ತು ಅನ್ನು," ಎಂದರು ಯಜಮಾನರು.

"ನಿಮ್ ಫ್ಯಾಕ್ಟರಿ ನಟ್ಟು ಬೋಲ್ಟ್ ಅಲ್ಲಾರೀ ಇದು," ಎಂದು ರೇಗಿದೆ. ಆದರೂ ಎರಡು ದಿನ ಅದೇ ಸುಳ್ಳನ್ನು ಇಂಗ್ಲಿಷಿನಲ್ಲಿ ಉರುಹೊಡೆದೆ. ಫೋನ್ ಹೊಡೆದುಕೊಂಡರೆ ಎತ್ತಲು ಯಜಮಾನರನ್ನೇ ಕಳಿಸುತ್ತಿದ್ದೆ.

ಸೋಮವಾರ ಹಿಮ ಬಿದ್ದು ರೈಲು ತಡವಾಯಿತು. ನಾನು ಹೋಗುವಷ್ಟರಲ್ಲಿ ಮುಖ್ಯಸ್ಥರು ಹಾಳೆಯ ಮುಂದೆ ಕೂತಿದ್ದರು, ಬೆರಳ ತುದಿಯೆಲ್ಲ ಕೆಂಪು. ಉರುಹೊಡೆದ ಸುಳ್ಳು ಬಾಯಿಗೆ ಬರಲಿಲ್ಲ. ಹೂವಿನ ಚೂರುಗಳ ಪೊಟ್ಟಣ ಅವರ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ.

ಅವರು ಚೂರುಗಳನ್ನು ಬಿಸಿನೀರಿಗೆ ಹಾಕಿ, ಲೆನ್ಸಿನಡಿ ಬಹಳ ಹೊತ್ತು ನೋಡಿದರು. ನಾನು ನಿಂತೇ ಇದ್ದೆ. ನೀರಿನಲ್ಲಿ ಒಂದು ಎಸಳು ಮೆತ್ತಗೆ ಬಿಚ್ಚಿಕೊಂಡಿತು. "ಇಷ್ಟು ಸಾಕು," ಎಂದು ಟೈಪ್‌ರೈಟರ್ ಎಳೆದುಕೊಂಡರು. ಅಲ್ಲಿ ಯಾವ ತಪ್ಪನ್ನೂ ಅಳಿಸುವುದಿಲ್ಲ, ಚೀಟಿ ಬರೆದು ಅದೇ ಹಾಳೆಗೆ ಅಂಟಿಸುತ್ತಾರೆ. ಚೀಟಿಯೊಂದಿಗೆ ನನ್ನ ಕೆಲಸವೂ ಮುಗಿಯಿತು ಎಂದುಕೊಂಡೆ.

"ಹೂವು ಮುರಿದದ್ದು ಹೇಗೆ?" ಎಂದು ಕೇಳಿದರು.

ಎರಡೂ ಕೈ ಸೇರಿಸಿ ಕಣ್ಣಿಗೆ ಒತ್ತಿ ತೋರಿಸಿದೆ. ಅವರು ಒಂದೊಂದೇ ಅಕ್ಷರ ಕುಟ್ಟಿದರು: 'ಅಂಟಿಸುವಾಕೆ ಕಣ್ಣಿಗೆ ಒತ್ತಿಕೊಂಡಾಗ ಹೂವು ಮುರಿದಿದೆ.' ಆಮೇಲೆ ಚೀಟಿಯನ್ನು ನನ್ನ ಕಡೆ ಚಾಚಿದರು.

"ಅಂಟಿಸಿ. ಅದು ನಿಮ್ಮ ಕೆಲಸ."

ಚೀಟಿಯ ಬೆನ್ನಿಗೆ ಅಂಟು ಬಳಿದು, ರೆಂಬೆಯ ಪಕ್ಕದಲ್ಲೇ ಒತ್ತಿ ಕೂರಿಸಿದೆ.