ಬಚ್ಚಿಡದೆ ನುಂಗಿದ ಮಾತ್ರೆ

ನಮ್ಮತ್ತೆಯ ಎರಡೂ ಕೈಗಳ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು, ಗಾಳಿ ಹೊಡೆದ ರಾಗಿ ಪೈರು ಒಂದೇ ಮಗ್ಗುಲಿಗೆ ಮಲಗುವಂತೆ. ಗೆಣ್ಣುಗಳು ಊದಿಕೊಂಡು, ಮೇಲಿನ ಚರ್ಮ ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಸಿಲೇರುವವರೆಗೆ ಬಿಸಿನೀರಿನ ತಪ್ಪಲೆಯಲ್ಲಿ ಕೈ ಅದ್ದಿಕೊಂಡು ಕೂತಿದ್ದು, ಆಮೇಲೆ ಅಂಗೈಯ ಬುಡದಿಂದಲೇ ಉರುಳಿಸಿ ಮುದ್ದೆ ಕಟ್ಟುತ್ತಿದ್ದರು. ನಾನು ಕಟ್ಟುತ್ತೇನೆಂದರೆ ಬಿಡುತ್ತಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಚಿಂತಾಮಣಿಯಿಂದ ಮಂಚೇನಹಳ್ಳಿಯ ಆ ಮನೆಗೆ ಸೊಸೆಯಾಗಿ ಬಂದೆ. ಮಾವನವರದು ಜಮೀನಿದ್ದ ಮನೆತನ. ಅವರು ಮಾತು ಕಡಿಮೆ, ಮರ್ಯಾದೆ ಹೆಚ್ಚು ಎನ್ನುವ ಜಾತಿಯ ಮನುಷ್ಯ. ಅತ್ತೆ ಹಾಗಲ್ಲ. ಹಾಲು ಉಕ್ಕಿ ಚೆಲ್ಲಿದರೂ, ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ‘ಪೋನೀಲೇ’, ಹೋಗಲಿ ಬಿಡು, ಎಂದು ತೆಲುಗಿನಲ್ಲೇ ಕೈಬೀಸಿ ಬಿಟ್ಟುಬಿಡುತ್ತಿದ್ದರು. ತವರಿನ ನೆನಪಾಗಿ ನಾನು ಅತ್ತ ದಿನ ಪಕ್ಕದಲ್ಲಿ ಕೂತು, ತಾವು ಈ ಮನೆಗೆ ಬಂದ ಹೊಸದರಲ್ಲಿ ಹಸುವಿನ ಕೊರಳು ತಬ್ಬಿಕೊಂಡು ಅಳುತ್ತಿದ್ದುದನ್ನು ಹೇಳಿ ನಗಿಸಿದ್ದರು.

ಕೀಲುವಾತ ಅವರಿಗೆ ಮೊದಲಿನಿಂದಲೂ ಇತ್ತು. ಮುಟ್ಟು ನಿಲ್ಲುವ ಕಾಲ ಬಂದಾಗ ಅದರ ಜೊತೆಗೆ ಇನ್ನೆರಡು ಸೇರಿಕೊಂಡವು. ಮಾತಾಡುತ್ತಿದ್ದ ಹಾಗೇ ಎದೆಯಿಂದ ಬಿಸಿ ಏರಿ ಮುಖ ಕೆಂಪಾಗುತ್ತಿತ್ತು, ರವಿಕೆ ಒದ್ದೆಯಾಗುತ್ತಿತ್ತು. ‘ನೆಂಟ್ರು ಬಂದ್ರು, ಬೀಸಣಿಗೆ ಕೊಡಮ್ಮ’ ಎನ್ನುತ್ತಿದ್ದರು. ಅದನ್ನು ಹೇಗೋ ನಕ್ಕು ಕಳೆಯುತ್ತಿದ್ದರು. ನಗಲು ಆಗದೆ ಹೋದದ್ದು ಪಾದಗಳ ಉರಿ. ಕೆಂಡದ ಮೇಲೆ ಕಾಲಿಟ್ಟ ಹಾಗಾಗುತ್ತದೆ, ಹೊದಿಕೆ ಸೋಕಿದರೂ ಸೂಜಿ ಚುಚ್ಚಿದ ಹಾಗಾಗುತ್ತದೆ ಎನ್ನುತ್ತಿದ್ದರು. ನಿದ್ದೆ ಎಂಬುದು ಹೊರಟೇ ಹೋಯಿತು. ಎಣ್ಣೆ, ಲೇಹ್ಯ ಎಲ್ಲ ಆದವು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಹತ್ತಿಕೊಂಡಿತು. ಯಾರ ಮೇಲೂ ರೇಗದಿದ್ದ ಅತ್ತೆ ಒಂದು ದಿನ ಬಾಗಿಲಿಗೆ ಬಂದ ಕರುವನ್ನು ಕೋಲಿನಿಂದ ಹೊಡೆದರು. ಹೊಡೆದು, ತಾವೇ ಬೆಚ್ಚಿಬಿದ್ದವರಂತೆ ನಿಂತರು.

ಅದಾದ ವಾರದಲ್ಲೇ ಅವರನ್ನು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನಿ. ಕೈಕಾಲು ನೋಡಿ, ಎಲ್ಲವನ್ನೂ ಕೇಳಿ, ಒಂದು ಸಣ್ಣ ಮಾತ್ರೆಯ ವಿಷಯ ಹೇಳಿದರು. ಅದು ಮನಸ್ಸು ಕುಗ್ಗಿದವರಿಗೆಂದು ಬಂದದ್ದು. ನರದ ಉರಿಗೂ ಆಗುತ್ತದೆಂದು ಈಚೆಗೆ ಕೆಲವು ಡಾಕ್ಟರುಗಳು ಕೊಟ್ಟು ನೋಡುತ್ತಿದ್ದಾರೆ. ನಿದ್ದೆ ಬರಬಹುದು. ಬಾಯಿ ಒಣಗುತ್ತದೆ, ಎದ್ದ ತಕ್ಷಣ ತಲೆ ಸುತ್ತಬಹುದು. ಮೈ ಬಿಸಿ ಏರುವುದು ಕಡಿಮೆಯಾದೀತೆಂದು ತಾನು ಹೇಳಲಾರೆ ಎಂದರು. ಕೀಲಿಗಂತೂ ಅದರಿಂದ ಏನೂ ಆಗದು.

ಅತ್ತೆ ಕೇಳಿದ್ದು ಒಂದೇ ಮಾತು: “ಹುಚ್ಚು ಹಿಡಿದೋರಿಗೆ ಕೊಡೋದಾ ಸ್ವಾಮಿ ಇದು?”

“ಅವರಿಗೂ ಕೊಡ್ತಾರಮ್ಮ. ನಿಮಗೆ ಹುಚ್ಚಿಲ್ಲ, ನೋವಿದೆ. ಯೋಚನೆ ಮಾಡಿ, ಬಲವಂತ ಇಲ್ಲ” ಎಂದರು ಡಾಕ್ಟರು.

ಯೋಚನೆಗೆ ಕಾರಣವಿತ್ತು. ಅತ್ತೆಯ ತಂಗಿಯೊಬ್ಬರನ್ನು ಹಿಂದೆ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸಿದ್ದರು, ಅವರು ಅಲ್ಲೇ ತೀರಿಕೊಂಡರು. ಆ ಸುದ್ದಿಯನ್ನು ಮನೆಯವರು ಯಾರಿಗೂ ಹೇಳದೆ ಹೂತಿಟ್ಟಿದ್ದರು. ಈಗ ನನ್ನ ನಾದಿನಿಗೆ ಪೆರೇಸಂದ್ರದಿಂದ ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಮಾತ್ರೆಯ ವಿಷಯ ಹೊರಬಿದ್ದರೆ ತಂಗಿಯ ವಿಷಯವೂ ಬೀಳುತ್ತದೆ. ಮದುವೆ ಮುಗಿಯುವವರೆಗೆ ತಡೆದುಕೋ ಎಂದರು ಮಾವ. ರಕ್ತಕ್ಕೆ ಕೊಟ್ಟ ಮಾತ್ರೆ ಅಂತ ಹೇಳೋಣ ಬಿಡಿ ಎಂದೆ ನಾನು.

ಅತ್ತೆ ಒಪ್ಪಲಿಲ್ಲ. “ಬಚ್ಚಿಟ್ಟು ನುಂಗಿದ್ರೆ ನಾನೇ ಅದನ್ನ ಹುಚ್ಚು ಅಂತ ಒಪ್ಕೊಂಡಂಗಾಯ್ತು ಕಣಮ್ಮ. ನನ್ನ ತಂಗೀನೂ ಹಿಂಗೇ ಬಚ್ಚಿಟ್ರು. ಅವಳಿಗೆ ಏನಾಗಿತ್ತು ಅಂತ ಒಬ್ಬರೂ ಕೇಳಲಿಲ್ಲ” ಎಂದರು. ಡಾಕ್ಟರು ಕೊಟ್ಟು ಕಳಿಸಿದ್ದ ಮಾತ್ರೆಯ ಪೊಟ್ಟಣ ಅಡುಗೆಮನೆಯ ಗೂಡಿನಲ್ಲಿ ಹಾಗೇ ಕೂತಿತ್ತು.

ಒಂದು ಮಧ್ಯಾಹ್ನ ಹುಡುಗನ ತಾಯಿ ಒಪ್ಪಿಗೆಯ ದಿನ ಗೊತ್ತುಮಾಡಲು ಬಂದರು. ಕಾಫಿ ಕುಡಿಯುತ್ತಿದ್ದಾಗ ಅತ್ತೆಯ ಮುಖ ಕೆಂಪೇರಿ ಬೆವರಿಳಿಯತೊಡಗಿತು. ಮೈ ಸರಿಯಿಲ್ಲವಾ ಎಂದು ಆಕೆ ಕೇಳಿದರು. ಅತ್ತೆ ಬೀಸಣಿಗೆ ಕೆಳಗಿಟ್ಟು ಎಲ್ಲವನ್ನೂ ಹೇಳಿದರು: ಪಾದದ ಉರಿ, ಡಾಕ್ಟರು ಕೊಟ್ಟ ಮಾತ್ರೆ, ಅದು ಯಾರಿಗೆ ಕೊಡುವ ಮಾತ್ರೆ ಎನ್ನುವುದು, ಕಡೆಗೆ ತಂಗಿಯ ಕಥೆ. ಬಾಗಿಲಲ್ಲಿ ನಿಂತಿದ್ದ ಮಾವ ಹೊರಗೆ ಹೋಗಿಬಿಟ್ಟರು. ಆಕೆ ಕಾಫಿ ಪೂರ್ತಿ ಕುಡಿದು, ಕುಂಕುಮ ಇಡಿಸಿಕೊಂಡು, ದಿನದ ಮಾತೆತ್ತದೆ ಹೊರಟರು.

ಅವರು ಅತ್ತ ಹೋಗುತ್ತಿದ್ದಂತೆ ಅತ್ತೆ ನನ್ನಿಂದ ನೀರು ತರಿಸಿಕೊಂಡು ಮೊದಲ ಮಾತ್ರೆ ನುಂಗಿದರು.

ಜಾತಕ ಕೂಡಲಿಲ್ಲ ಎಂದು ಪೆರೇಸಂದ್ರದಿಂದ ಹೇಳಿ ಕಳಿಸಿದರು. ನಾದಿನಿ ತಾಯಿಯ ಜೊತೆ ಮಾತು ಬಿಟ್ಟಳು. ಮಾವ ಊಟಕ್ಕೆ ಬಂದರೂ ತಲೆ ಎತ್ತುತ್ತಿರಲಿಲ್ಲ. ಅತ್ತೆ ಯಾರಿಗೂ ಸಮಜಾಯಿಷಿ ಹೇಳಲಿಲ್ಲ. ಬಾಯಿ ಒಣಗುತ್ತಿದ್ದುದಕ್ಕೆ ಒಣಗಿಸಿದ ನೆಲ್ಲಿಕಾಯಿ ಚೂರನ್ನು ದವಡೆಯಲ್ಲಿಟ್ಟುಕೊಂಡು, ತಲೆ ಸುತ್ತಿದಾಗ ಗೋಡೆ ಹಿಡಿದು ನಡೆದರು. ನಿಧಾನವಾಗಿ ಉರಿ ಇಳಿಯಿತು. ಪೂರ್ತಿ ಹೋಗಲಿಲ್ಲ, ಸಹಿಸುವಷ್ಟಾಯಿತು. ಕೀಲು ಮೊದಲಿನಂತೆಯೇ ಇತ್ತು, ಮೈ ಬಿಸಿಯೂ ಬಂದು ಹೋಗುತ್ತಿತ್ತು. ಆದರೆ ನಿದ್ದೆ ಬಂತು. ಒಂದು ಬೆಳಿಗ್ಗೆ ನಾವೆಲ್ಲ ಎದ್ದ ಮೇಲೂ ಅವರು ಮಲಗೇ ಇದ್ದರು. ನಾದಿನಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ಸದ್ದಾಗದಂತೆ ಕಿಟಕಿ ಮುಚ್ಚಿ ಬಂದಳು. ಅವತ್ತು ತಾನೇ ಬಿಸಿನೀರು ಕಾಯಿಸಿಟ್ಟು, ಅಮ್ಮ ಏಳು ಎಂದು ಕರೆದಳು.

ಮರುವರ್ಷ ಗೌರಿಬಿದನೂರಿನ ಮೇಷ್ಟರೊಬ್ಬರ ಮನೆಯಿಂದ ಹೆಣ್ಣು ಕೇಳಲು ಬಂದರು. ಅತ್ತೆ ಮೊದಲ ಭೇಟಿಯಲ್ಲೇ ಅದೇ ಕಥೆ ಹೇಳಿದರು. ಮೇಷ್ಟರು ಕೇಳಿಸಿಕೊಂಡು, ಮಾತ್ರೆಯಿಂದ ಗುಣ ಕಂಡಿತಾ ಎಂದು ಮಾತ್ರ ವಿಚಾರಿಸಿದರು. ಮದುವೆ ಆಯಿತು.

ಅದಾದ ಮೇಲೆ, ನಾವು ನೆನೆಸಿರದ ಒಂದು ದಿನ, ಪೆರೇಸಂದ್ರದ ಆ ತಾಯಿ ಒಬ್ಬರೇ ಬಸ್ಸಿಳಿದು ನಮ್ಮ ಮನೆಗೆ ಬಂದರು. ಕೂರಲೋ ಬೇಡವೋ ಎನ್ನುವಂತೆ ಜಗಲಿಯ ಅಂಚಿನಲ್ಲಿ ಕೂತು, “ನಂಗೂ ನಿದ್ದೆ ಹೋಗಿ ತಿಂಗಳಾಯ್ತು. ಆ ಡಾಕ್ಟ್ರು ಯಾವತ್ತು ಸಿಗ್ತಾರೆ?” ಎಂದರು. ಒಳಗೆ ನನಗೆ ಕುದಿಯುತ್ತಿತ್ತು. ಅತ್ತೆ ಹಳೆಯದನ್ನೇನೂ ಎತ್ತದೆ, ಅವರಿಗೆ ಮಜ್ಜಿಗೆ ಕೊಡಿಸಿ, ಸೀರೆ ಬದಲಾಯಿಸಿಕೊಂಡು ಅವರ ಜೊತೆಯಲ್ಲೇ ಬಸ್ಸು ಹತ್ತಿದರು. ಆಮೇಲಾಮೇಲೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಪಿಸುಮಾತಿನಲ್ಲಿ ಕೇಳುವ ಹೆಂಗಸರು ಹೆಚ್ಚಿದರು. ಎಲ್ಲರಿಗೂ ಅತ್ತೆ ಗಟ್ಟಿಯಾಗಿಯೇ ಉತ್ತರ ಹೇಳುತ್ತಿದ್ದರು.

ಅವರು ತೀರಿಕೊಂಡದ್ದು ಒಂದು ಸುಗ್ಗಿಯ ಕಾಲದಲ್ಲಿ, ಎರಡು ದಿನದ ಜ್ವರದಲ್ಲಿ. ನನಗೆ ಐವತ್ತು ತುಂಬಿ, ನನ್ನ ಮೈಯಲ್ಲೂ ಆ ಬಿಸಿ, ಆ ಉರಿ ಶುರುವಾದಾಗ ಅವರಿರಲಿಲ್ಲ. ನನ್ನ ಡಾಕ್ಟರೂ ಅಂಥದೇ ಒಂದು ಮಾತ್ರೆ ಬರೆದು, ಇದು ಯಾತಕ್ಕೆ ಕೊಡುವುದೆಂದು ಹೇಳಲು ಹಿಂಜರಿದರು. ನನಗೆ ಗೊತ್ತು ಎಂದೆ. ಅವತ್ತು ಮಗ, ಬಂದ ನೆಂಟರು ಎಲ್ಲ ಊಟಕ್ಕೆ ಕೂತಿದ್ದ ಪಂಕ್ತಿಯಲ್ಲೇ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಏನದು ಎಂದು ಬಡಿಸುತ್ತಿದ್ದ ಸೊಸೆ ಕೇಳಿದಳು, ಹೇಳಿದೆ. ಅವಳು ತಲೆಯಾಡಿಸಿ, ಇನ್ನೊಂದು ಸೌಟು ಸಾರು ಬಡಿಸಿ ಮುಂದಿನ ಎಲೆಗೆ ಹೋದಳು.