ಏಳು ತಂದೆಯರಿಲ್ಲದ ವಿಳಾಸ

ಬೈಸೆರ್ಕೆ ಮೇಷ್ಟ್ರು ಸೈರಾಕಾನಳನ್ನು ಮೊದಲು ಕಂಡದ್ದು ಕಿರ್ಗಿಜ್ ನಾಡಿನ ನರಿನ್ ಪಟ್ಟಣದ ರೊಟ್ಟಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಕಿಟಕಿಯ ಗಾಜಿನ ಒಳಮೈಗೂ ಹಿಮ ಕಟ್ಟಿದ ದಿನ ಅದು. ಅವಳು ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು ಕೀಲಿಮಣೆ ಒತ್ತುತ್ತಿದ್ದಳು. ಅವಳೂ ಗಂಡ ಜೆಕ್ಷೆನನೂ ಹಳ್ಳಿಯ ಆರೋಗ್ಯ ಕೇಂದ್ರಗಳಿಗಾಗಿ ಔಷಧಿ ದಾಸ್ತಾನು ನೋಡಿಕೊಳ್ಳುವ ಒಂದು ತಂತ್ರಾಂಶ ಮಾಡಿ, ಪುಕ್ಕಟೆಯಾಗಿ ಹಂಚುತ್ತಿದ್ದರು. ಅದರ ಕೈಪಿಡಿ ಬರೆಯುವುದು ಅವಳ ಕೆಲಸ. ನಿವೃತ್ತರಾಗಿದ್ದ ಕಿರ್ಗಿಜ್ ಭಾಷೆಯ ಮೇಷ್ಟ್ರನ್ನು ಕರೆಸಿದ್ದು ಭಾಷೆ ತಿದ್ದಿಕೊಡಲೆಂದು.

ಮೇಷ್ಟ್ರು ವಿಭಕ್ತಿಗಳನ್ನೂ ಅಲ್ಪವಿರಾಮಗಳನ್ನೂ ಸರಿಪಡಿಸುತ್ತ ಬಂದು, ಕೊನೆಯ ಪುಟದಲ್ಲಿ ನಿಂತರು. ಪಾಠಗಳ ವಿಡಿಯೊಗೆ ಹೋಗುವ ಲಿಂಕುಗಳು ಅಲ್ಲಿದ್ದವು. ಒಂದೊಂದೂ ಐದಾರು ಅಕ್ಷರದ ಗಿಡ್ಡ ವಿಳಾಸ; ಒತ್ತಿದರೆ ಒಂದು ಕಂಪನಿ ಅದನ್ನು ಪೂರ್ತಿ ವಿಳಾಸಕ್ಕೆ ದಾಟಿಸುತ್ತಿತ್ತು.

“ಇದೇನಮ್ಮ? ಏಳು ತಲೆಮಾರಿನ ಅಪ್ಪಂದಿರ ಹೆಸರು ಹೇಳಕ್ಕೆ ಬಾರದ ಹುಡುಗನ್ನ ನಾವು ದಿಕ್ಕಿಲ್ಲದೋನು ಅಂತೀವಿ. ಇದಕ್ಕೆ ಒಬ್ಬ ಅಪ್ಪನೂ ಇಲ್ವಲ್ಲ!”

ಒಲೆಯ ಪಕ್ಕದಲ್ಲಿದ್ದ ಜೆಕ್ಷೆನ್ ನಕ್ಕ. “ಇದ್ದಾನೆ ಮೇಷ್ಟ್ರೇ. ನಾಚಿಕೆ ಸ್ವಭಾವ, ಹಿಂದೆ ನಿಂತಿದ್ದಾನೆ. ಒತ್ತಿದ್ರೆ ಮುಂದೆ ಬರ್ತಾನೆ.”

ಸೈರಾಕಾನ್ ನಗಲಿಲ್ಲ. “ನರ್ಸುಗಳು ಕಾಗದ ನೋಡ್ಕೊಂಡು ಟೈಪ್ ಮಾಡೋದು ಮೇಷ್ಟ್ರೇ. ಎಷ್ಟೋ ಸಲ ನಾನೇ ಫೋನಲ್ಲಿ ಹೇಳಿ ಬರೆಸ್ಬೇಕು. ಉದ್ದದ್ದು ಹೇಳಿ ಮುಗಿಸೋಷ್ಟರಲ್ಲಿ ಸಿಗ್ನಲ್ಲೇ ಹೋಗಿರುತ್ತೆ.”

“ಹಾಗಾದ್ರೆ ಎರಡೂ ಹಾಕು. ಗಿಡ್ಡದು ಮೇಲೆ, ಪೂರ್ತಿದು ಕೆಳಗೆ.”

“ಪುಟ ಗಲೀಜಾಗುತ್ತೆ.”

ಅವಳ ಮಾತಿನಲ್ಲೂ ನ್ಯಾಯವಿತ್ತು. ಮೇಷ್ಟ್ರು ಆ ಪುಟವನ್ನು ಹಾಗೇ ಬಿಟ್ಟು ಹಾಳೆಗಳನ್ನು ಜೋಡಿಸಿಟ್ಟರು.

ಪಾಠಗಳಲ್ಲಿ ಮಾತನಾಡಿದ್ದವನು ಜೆಕ್ಷೆನ್. ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದ ನರ್ಸುಗಳು ಅವನ ತಮಾಷೆಗೆ ನಗುತ್ತಲೇ ಕೆಲಸ ಕಲಿತರು. ಮರುವರ್ಷ ಶರತ್ಕಾಲದಲ್ಲಿ ಶ್ವಾಸಕೋಶದ ಕಾಯಿಲೆ ಅವನನ್ನು ಕೊಂಡೊಯ್ದಿತು. ನಲವತ್ತನೆಯ ದಿನದ ಊಟ ಮುಗಿದ ಮೇಲೆ, ವಾಡಿಕೆಯಂತೆ ಸೈರಾಕಾನ್ ಅವನ ಬಟ್ಟೆಬರೆಗಳನ್ನು ನೆಂಟರಿಗೆ ಹಂಚಿದಳು. ಅವನ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ತಾನೇ ಅಳಿಸಿ, ಅದನ್ನು ಒಂದು ಆರೋಗ್ಯ ಕೇಂದ್ರಕ್ಕೆ ಕೊಟ್ಟಳು. ಪಾಠಗಳಂತೂ ಇಂಟರ್ನೆಟ್ಟಿನಲ್ಲಿ ಇದ್ದೇ ಇವೆಯಲ್ಲ ಎಂಬ ಧೈರ್ಯ. ಆಮೇಲೆ ಮೇಷ್ಟ್ರು ತಿದ್ದಿದ ಹಾಳೆಗಳನ್ನು ಹಿಡಿದು ಮೆಟ್ಟಿಲೇರುವಾಗಲೆಲ್ಲ ಒಳಗಿನಿಂದ ಸತ್ತವನ ದನಿ ಕೇಳಿಸುತ್ತಿತ್ತು. ಅವಳ ಮುಂದೆ ಹಾಲು ಬೆರೆಸಿದ ಚಹಾ ಕೆನೆಗಟ್ಟಿ ತಣ್ಣಗಾಗಿರುತ್ತಿತ್ತು.

ಹಿಮ ಕರಗುವ ಕಾಲದ ಒಂದು ಬೆಳಗ್ಗೆ, ಮೇಷ್ಟ್ರು ಅಲ್ಲಿರುವಾಗಲೇ, ಅತ್-ಬಾಶಿ ಹಳ್ಳಿಯ ನರ್ಸ್ ಜಾರ್ಕಿನಳ ಫೋನು ಬಂತು.

“ಅಕ್ಕ, ಬಯ್ಬೇಡ. ಅಣ್ಣನ ಪಾಠ ಒತ್ತಿದ್ರೆ ಜೂಜಾಟದ ಜಾಹೀರಾತು ಬರ್ತಿದೆ. ‘ಸಂಬಳ ಸಾಲ್ತಿಲ್ವೇನಮ್ಮ’ ಅಂತ ನಮ್ಮ ಡಾಕ್ಟ್ರು ಆಡ್ಕೊಂಡ್ರು.”

ಸೈರಾಕಾನ್ ಒತ್ತಿ ನೋಡಿದಳು. ಇಸ್ಪೀಟಿನ ರಾಣಿಯೊಬ್ಬಳು ಕಣ್ಣು ಹೊಡೆದಳು. ಇನ್ನೊಂದನ್ನು ಒತ್ತಿದಳು, ಮತ್ತೆ ಅದೇ ರಾಣಿ. ವಿಳಾಸ ಗಿಡ್ಡ ಮಾಡಿಕೊಡುತ್ತಿದ್ದ ಕಂಪನಿ ಬಾಗಿಲು ಮುಚ್ಚಿತ್ತು. ಅದರ ಹೆಸರನ್ನು ಬೇರೆ ಯಾರೋ ಕೊಂಡಿದ್ದರು. ವಿಡಿಯೊಗಳು ಅಳಿದಿರಲಿಲ್ಲ. ಆದರೆ ವಿಳಾಸ ಗೊತ್ತಿದ್ದವರಿಗೆ ಮಾತ್ರ ಕಾಣುವಂಥ ಜಾಗದಲ್ಲಿ ಜೆಕ್ಷೆನ್ ಅವುಗಳನ್ನು ಇರಿಸಿದ್ದ, ಮತ್ತು ಆ ಪೂರ್ತಿ ವಿಳಾಸವಾಗಲಿ, ಅವನ ಖಾತೆಯ ಗುಪ್ತಪದವಾಗಲಿ ಈಗ ಯಾರ ಬಳಿಯೂ ಇರಲಿಲ್ಲ. ಮುಚ್ಚಿದ ಕಂಪನಿಗೆ ಎಷ್ಟು ಬರೆದರೂ ಉತ್ತರ ಬರಲಿಲ್ಲ.

“ಎಲ್ಲೋ ಇದ್ದಾನೆ ಮೇಷ್ಟ್ರೇ, ಮಾತಾಡ್ತಾನೇ ಇದ್ದಾನೆ,” ಎಂದಳು ಒಂದು ದಿನ. “ಯಾವ ಬೀದಿ, ಯಾವ ಬಾಗಿಲು, ಅದೇ ಗೊತ್ತಿಲ್ಲ.”

ಎರಡೂ ಹಾಕು ಎಂದಿದ್ದೆನಲ್ಲ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಚಹಾದ ಜೊತೆ ನುಂಗಿಕೊಂಡರು.

ಈಗ ಕೈಪಿಡಿಯ ಮೊದಲ ಪುಟದಲ್ಲೇ ಒಂದು ನಿಯಮವಿದೆ: ವಿಳಾಸ ಪೂರ್ತಿ ಇರಬೇಕು, ಎಷ್ಟೇ ಉದ್ದವಾದರೂ. ಪಾಠಗಳದ್ದು ಹೋದರೂ, ತಂತ್ರಾಂಶ ಇಳಿಸಿಕೊಳ್ಳುವಂಥ ಉಳಿದ ಪುಟಗಳ ಗಿಡ್ಡ ಲಿಂಕುಗಳನ್ನೆಲ್ಲ ಸೈರಾಕಾನ್ ಕೂತು ಬದಲಾಯಿಸಿದ್ದಾಳೆ. ನರ್ಸುಗಳು ಗೊಣಗುತ್ತಾರೆ.

“ಅಕ್ಕ, ಇದು ವಿಳಾಸವೋ, ಒಂಟೆಗಳ ಸಾಲೋ?”

“ಒಂಟೆ ಸಾಲೇ. ಒಂದನ್ನೂ ಬಿಡದೆ ಬರ್ಕೋ.”

ಒಂದೊಂದೇ ಅಕ್ಷರ ಹೇಳುತ್ತಾಳೆ. ನಡುವೆ ಸಿಗ್ನಲ್ ಹೋದರೆ ಮತ್ತೆ ಮೊದಲಿನಿಂದ. ಕೊನೆಗೆ, ಫೋನು ಇಡುವ ಮುಂಚೆ, ಎಲ್ಲರನ್ನೂ ಕೇಳುತ್ತಾಳೆ: “ಮೊದಲನೇ ಪಾಠದಲ್ಲಿ ಅವನು ಏನೋ ಹೇಳಿ ನಗಿಸ್ತಿದ್ದ. ನೆನಪಿದ್ಯಾ?”

ಕಂಪ್ಯೂಟರ್ ಒದೆಯೋ ಕುದುರೆಯಲ್ಲ ಎಂದಿದ್ದ, ಎನ್ನುತ್ತಾಳೆ ಜಾರ್ಕಿನ್. ಅಲ್ಲ, ಕಚ್ಚೋ ಕತ್ತೆಯಲ್ಲ ಎಂದಿದ್ದ, ಎನ್ನುತ್ತಾಳೆ ಇನ್ನೊಬ್ಬಳು. ಅಷ್ಟು ಸಲ ಕೇಳಿದ್ದ ಸೈರಾಕಾನಳಿಗೂ ಈಗ ಖಾತ್ರಿಯಿಲ್ಲ. ಎರಡನ್ನೂ ಬರೆದು ಮೇಷ್ಟ್ರ ಮುಂದಿಡುತ್ತಾಳೆ. ಮೇಷ್ಟ್ರು ಕಾಗುಣಿತವನ್ನಷ್ಟೇ ತಿದ್ದಿ ಹಾಳೆಯನ್ನು ಹಿಂದಿರುಗಿಸುತ್ತಾರೆ.