ಹದಿನಾಲ್ಕು ತಿಂಗಳ ಹಸಿರು

ಆಕೆಗೆ ಹೆತ್ತವರು ಇಟ್ಟ ಹೆಸರು ಆಫೀಸಿನಲ್ಲಿ ಯಾರಿಗೂ ಬೇಕಿರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಕೊಂಕಮ್ಮ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಆಕೆಯ ಹದಿನೆಂಟು ವರ್ಷದ ಉದ್ಯೋಗ. ಅದು ಯಾವಾಗ ಸ್ವಭಾವವಾಯಿತೋ ಆಕೆಗೇ ಗೊತ್ತಿಲ್ಲ. ಮನೆಯಲ್ಲಿ ಅತ್ತೆ ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು, ಗಂಡ ತೊಳೆದ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಆ ಗಂಡ ಬಡಪಾಯಿ, ಮದುವೆಯಾದ ಮರುವರ್ಷವೇ ವಾದ ಮಾಡುವುದನ್ನು ಬಿಟ್ಟಿದ್ದ.

ಪ್ರೋಗ್ರಾಂ ಬರೆಯುವವರೆಂದರೆ ಆಕೆಗೆ ಅಷ್ಟಕ್ಕಷ್ಟೆ. ಮ್ಯಾನೇಜರ್ ಎಂದರೆ ಅಷ್ಟೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆ ಆಫೀಸಿನ ಯೋಗ್ಯತೆಯೂ ಅಷ್ಟೇ ಇತ್ತು. ಗೋಡೆಯ ಮೇಲೆ ದೊಡ್ಡದೊಂದು ಪರದೆ, ಅದರಲ್ಲಿ ಸಾಫ್ಟ್‌ವೇರಿನ ಪ್ರತಿ ಪರೀಕ್ಷೆಗೂ ಒಂದು ಚೌಕ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಚೌಕಗಳೆಲ್ಲ ಹಸಿರಾಗಿದ್ದರೆ, ಕೆಳಗೆ ಯಾರಾದರೂ ಸತ್ತು ಬಿದ್ದಿದ್ದರೂ ದಾಟಿಕೊಂಡು ಟೀ ಕುಡಿಯಲು ಹೋಗುವ ಆಸಾಮಿ ಆ ಮ್ಯಾನೇಜರ್.

ಅಲ್ಲಿ ತಯಾರಾಗುತ್ತಿದ್ದದ್ದು ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತು ನಕಲಿ ಕಂಪ್ಯೂಟರುಗಳನ್ನು ಓಡಿಸುವ ಸಾಫ್ಟ್‌ವೇರ್. ಅಸಲಿ ಪ್ರೊಸೆಸರಿನಲ್ಲಿ, ಅದು ಮಾಡಿದ ಕೆಲಸ ಎಣಿಸುವ ಕೌಂಟರುಗಳಿರುತ್ತವೆ. ಹಳೆಯ ಲಾರಿಯ ಮೀಟರಿನ ಹಾಗೆ ಅವೂ ಪೂರ್ತಿ ತುಂಬಿದ ಮೇಲೆ ಸೊನ್ನೆಗೆ ಉರುಳುತ್ತವೆ. ಉರುಳಿದಾಗ 'ತುಂಬಿತು' ಎಂದು ಒಂದು ಕೂಗು ಹಾಕುತ್ತವೆ. ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯುತ್ತಿದೆ ಎಂದು ಅಳೆಯುವವರಿಗೆ ಆ ಕೂಗೇ ಆಧಾರ. ನಕಲಿ ಕಂಪ್ಯೂಟರಿನೊಳಗೂ ಅದು ತಪ್ಪದೆ ಕೇಳಿಸಬೇಕು. ಕೇಳಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಬರೆದವಳು ಕೊಂಕಮ್ಮ. ಕೌಂಟರ್ ತುಂಬಲು ನಾಲ್ಕೇ ಹೆಜ್ಜೆ ಬಾಕಿ ಇರುವಂತೆ ಇಟ್ಟು, ಓಡಿಸಿ, ಕೂಗಿಗೆ ಕಾಯುವುದು. ಅಷ್ಟೇ. ಆದರೆ ಆ ಪರೀಕ್ಷೆಯ ಬಗ್ಗೆ ಆಕೆಗಿದ್ದ ಜಂಬ ಅಷ್ಟಿಷ್ಟಲ್ಲ.

ಆ ಕೌಂಟರಿನ ಭಾಗವನ್ನು ಬರೆಯುತ್ತಿದ್ದವನು ಒಬ್ಬ ಗಡ್ಡದವನು. ಮೆತ್ತಗಿನ ಮನುಷ್ಯ, ಎರಡು ಮಕ್ಕಳ ತಂದೆ. ಗ್ರಾಹಕರ ಅಳತೆಗಳಲ್ಲಿ ತೂತು ಬೀಳುತ್ತಿದೆ, ಕೂಗು ನಡುನಡುವೆ ಕಳೆದುಹೋಗುತ್ತಿದೆ ಎಂದು ಒಂದು ವರ್ಷಕ್ಕೂ ಮೇಲೆ ಹೇಳುತ್ತಲೇ ಬಂದಿದ್ದ.

"ಮೇಡಂ, ಇನ್ನೊಂದ್ಸಲ ನೋಡ್ತೀರಾ? ಎಲ್ಲೋ ತಪ್ಪಿದೆ," ಎನ್ನುತ್ತಿದ್ದ.

"ತಪ್ಪಿದೆಯಪ್ಪಾ, ನಿನ್ನನ್ನ ಕೆಲಸಕ್ಕೆ ತಗೊಂಡವರದ್ದು," ಎನ್ನುತ್ತಿದ್ದಳು ಈಕೆ. "ಪರದೆ ನೋಡು. ಹಸಿರು."

ಸುತ್ತಲಿದ್ದವರು ಕಿಸಕ್ಕೆಂದು ನಗುತ್ತಿದ್ದರು. ನಗುವುದು ಆ ಆಫೀಸಿನಲ್ಲಿ ಪುಕ್ಕಟೆಯಾಗಿತ್ತು.

ಕೊನೆಗೆ ಮ್ಯಾನೇಜರ್ ಶುಕ್ರವಾರ ಮೀಟಿಂಗ್ ಕರೆದ. ಇಲ್ಲದ ತಪ್ಪನ್ನು ಹುಡುಕುತ್ತ ಗಡ್ಡದವನು ಕಾಲಹರಣ ಮಾಡಿದನೇ ಎಂಬುದು ಅಂದು ತೀರ್ಮಾನವಾಗಬೇಕು. ಹೌದೆಂದಾದರೆ ಅವನು ಮನೆಗೆ. ತೀರ್ಮಾನಕ್ಕೆ ಬೇಕಾಗಿದ್ದದ್ದು ಕೊಂಕಮ್ಮನ ಒಂದು ಹಾಳೆಯ ವರದಿ.

ಗುರುವಾರ ಮಧ್ಯಾಹ್ನ ಆಕೆ ವರದಿ ಬರೆಯಲು ಕೂತಳು. ಬರೀ 'ಹಸಿರು' ಎಂದರೆ ಸಾಲದು, ಪರೀಕ್ಷೆಯ ಪೂರ್ತಿ ದಾಖಲೆಯನ್ನೇ ಮುದ್ರಿಸಿ ಅವನ ಮುಖದ ಮುಂದೆ ಹಿಡಿಯಬೇಕು ಎನಿಸಿತು. ಕೆಂಪಾದ ಪರೀಕ್ಷೆಯ ದಾಖಲೆಯನ್ನು ಎಲ್ಲರೂ ತೆರೆಯುತ್ತಾರೆ. ಹಸಿರಾದದ್ದನ್ನು ತೆರೆಯುವ ಹುಚ್ಚು ಯಾರಿಗಿದೆ? ಆಕೆ ತೆರೆದಳು. ದಾಖಲೆ ಒಂದೇ ಸಾಲಿನದ್ದು: 'ಕೌಂಟರ್ ಸಿಗಲಿಲ್ಲ, ಪರೀಕ್ಷೆ ಬಿಡಲಾಗಿದೆ.'

ಹಿಂದಿನ ದಿನದ್ದು ತೆರೆದಳು. ಅದೇ ಸಾಲು. ಹಿಂದಿನ ತಿಂಗಳು, ಅದರ ಹಿಂದಿನ ತಿಂಗಳು. ಹದಿನಾಲ್ಕು ತಿಂಗಳ ಹಿಂದೆ ಪರೀಕ್ಷೆ ಓಡಿಸಲು ಹೊಸ ಯಂತ್ರಗಳು ಬಂದಾಗ, ಕೌಂಟರನ್ನು ನಕಲಿ ಕಂಪ್ಯೂಟರಿಗೆ ತೋರಿಸುವ ಸೆಟ್ಟಿಂಗನ್ನು ಯಾರೂ ಆನ್ ಮಾಡಿರಲಿಲ್ಲ. ಕೌಂಟರೇ ಇಲ್ಲದಿದ್ದರೆ ಸುಮ್ಮನೆ ಬಿಟ್ಟು ಮುಂದೆ ಹೋಗು ಎಂಬ ಸಾಲನ್ನು ಎಂಟು ವರ್ಷದ ಹಿಂದೆ ಬರೆದವಳು ಸ್ವತಃ ಕೊಂಕಮ್ಮ. ಬಿಟ್ಟದ್ದನ್ನೂ ಪರದೆ ಹಸಿರಿಗೇ ಸೇರಿಸುತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯಲ್ಲಿ ನೊಣ ಹುಡುಕುವ ಜನರನ್ನು ಕಂಡರೆ ಆಕೆಗೆ ಮೊದಲಿನಿಂದಲೂ ಹೇಸಿಗೆ. ಈಗ ಆ ಹೇಸಿಗೆ ತನ್ನ ಮೇಲೆಯೇ ತಿರುಗಿತು.

ಸೆಟ್ಟಿಂಗ್ ಆನ್ ಮಾಡಿ ಇನ್ನೂರು ಸಲ ಓಡಿಸಿದಳು. ಅರವತ್ತೊಂದು ಸಲ ಕೂಗು ಕೇಳಿಸಲೇ ಇಲ್ಲ.

ಸಂಜೆ ಮನೆಗೆ ಹೋದವಳು ಬಟ್ಟೆಯನ್ನೂ ನೋಡಲಿಲ್ಲ, ಲೋಟವನ್ನೂ ನೋಡಲಿಲ್ಲ. ಅತ್ತೆಗೆ ಗಾಬರಿಯಾಯಿತು. "ಯಾಕೇ, ಜ್ವರ ಏನಾದ್ರೂ ಬಂತಾ?" ಎಂದು ಹಣೆ ಮುಟ್ಟಿ ನೋಡಿದರು.

ಬೆಳಿಗ್ಗೆ ಮೀಟಿಂಗಿಗೆ ಮುಂಚೆ ಮ್ಯಾನೇಜರಿಗೆ ವಿಷಯ ತಿಳಿಸಿದಳು. ಅವನ ಮುಖ ಬಿಳಿಚಿತು, ಗಡ್ಡದವನಿಗಾಗಿ ಅಲ್ಲ. "ಹದಿನಾಲ್ಕು ತಿಂಗಳ ವರದಿ ಮೇಲೆ ನಿಮ್ಮ ಸಹಿ ಇದೆ, ಅದರ ಕೆಳಗೆ ನನ್ನದಿದೆ," ಎಂದು ಪಿಸುಗುಟ್ಟಿದ. "ಇವತ್ತು ಸುಮ್ನಿರಿ ಮೇಡಂ. ಅವನು ಹೋಗ್ಲಿ. ಆಮೇಲೆ ನಿಧಾನಕ್ಕೆ ನೀವೇ ಕಂಡುಹಿಡಿದ ಹಾಗೆ ಮಾಡೋಣ."

ಆಕೆ ಒಂದು ಕ್ಷಣ ಅವನನ್ನು ನೋಡಿದಳು. ಕಾಲಿಗೆ ಅಂಟಿದ ಕೆಸರನ್ನಾದರೂ ಜನ ಇನ್ನಷ್ಟು ಮರ್ಯಾದೆಯಿಂದ ನೋಡುತ್ತಾರೆ. ಸುಮ್ಮನಿರಬಹುದೆಂಬ ಆಸೆ ಅರೆಗಳಿಗೆ ತನಗೂ ಬಂದಿತ್ತೆಂಬ ಸಿಟ್ಟು ಆ ನೋಟದಲ್ಲಿ ಬೆರೆತಿತ್ತು.

ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದಳು: "ಈ ಆಫೀಸಲ್ಲಿ ಬೇಕಾದಷ್ಟು ದಡ್ಡರನ್ನ ನೋಡಿದ್ದೀನಿ. ಓಡದೇ ಇರೋ ಪರೀಕ್ಷೆ ಪಾಸಾಯ್ತು ಅಂತ ಹದಿನಾಲ್ಕು ತಿಂಗಳು ಸಹಿ ಹಾಕಿದ ದಡ್ಡೀನ ಮಾತ್ರ ನೋಡಿರಲಿಲ್ಲ. ಆ ದಡ್ಡಿ ನಾನೇ. ಇವನು ಹೇಳಿದ್ದು ಸರಿ. ತಪ್ಪಿದೆ."

ಯಾರೂ ನಗಲಿಲ್ಲ. ಯಾರಿಗೂ ಅಂಥ ಆಘಾತವೂ ಆಗಲಿಲ್ಲ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಹಾಗಾದರೆ ಸೋಮವಾರದೊಳಗೆ ಹಸಿರು ಮಾಡಿ ಎಂದು ಎದ್ದುಹೋದ. ಗಡ್ಡದವನ ಕೆಲಸ ಉಳಿಯಿತು.

ಎಲ್ಲರೂ ಹೋದ ಮೇಲೂ ಅವನು ಕುರ್ಚಿಯಲ್ಲೇ ಕೂತಿದ್ದ. ಆಕೆಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. "ಸೋಮವಾರದೊಳಗೆ ಆಗುತ್ತೇನಪ್ಪಾ?" ಎಂದಳು.

"ಗೊತ್ತಿಲ್ಲ ಮೇಡಂ," ಎಂದ ಅವನು. "ಹನ್ನೊಂದು ತಿಂಗಳ ಹಿಂದೆ ಒಂದ್ಸಲ ಸರಿಮಾಡಿದ್ದೆ. ಮೂರು ವಾರ ಹಿಡಿದಿತ್ತು."

"ಮತ್ತೆ ಅದನ್ನ ಸಾಫ್ಟ್‌ವೇರಿಗೆ ಸೇರಿಸಲಿಲ್ಲ ಯಾಕೆ?"

"ನಿಮ್ಮ ಪರೀಕ್ಷೆ ಹಸಿರಿತ್ತಲ್ಲ. ತಪ್ಪು ಇಲ್ಲಲ್ಲ, ಬೇರೆಲ್ಲೋ ಇದೆ ಅಂದ್ಕೊಂಡು ಅಳಿಸಿಬಿಟ್ಟೆ."